ಶುಕ್ರವಾರದ ವಸೂಲಿ

ಸಿರುಗುಪ್ಪ, ೧೮ ನವೆಂಬರ್ ೧೯೮೩, ಶುಕ್ರವಾರ

ಈ ಊರಿಗೆ ಬಂದಾಗಿನಿಂದ ಮೂಗಿನಲ್ಲಿ ಭತ್ತದ ದೂಳು, ತಲೆಯಲ್ಲಿ ದೂಳು, ಈಗ ಈ ಹಾಳೆಯ ಮೇಲೂ ದೂಳು. ರೂಮಿನ ಹಿಂದೆಯೇ ಅಕ್ಕಿ ಗಿರಣಿ. ಬಾಡಿಗೆ ಯಾಕೆ ಕಡಿಮೆ ಎಂದು ಬಂದ ದಿನವೇ ತಿಳಿಯಿತು. ಇರಲಿ, ಬೀಗದ ಕೈ ನನ್ನ ಸೆರಗಿನ ಗಂಟಿನಲ್ಲಿದೆ. ಇನ್ನೆಷ್ಟು ದಿನ ಇರುತ್ತದೋ ಗೊತ್ತಿಲ್ಲ.

ಬೆಳಿಗ್ಗೆ ಬಳ್ಳಾರಿಯ ಆಫೀಸಿನಲ್ಲಿ ಕಾರ್ಯದರ್ಶಿ ತಿಪ್ಪೇರುದ್ರಪ್ಪನವರು ಕೂರಿಸಿಕೊಂಡು ಮುಚ್ಚುಮರೆಯಿಲ್ಲದೆ ಹೇಳಿದರು. ಹೆಂಗಸರ ಗುಂಪಿಗೆ ಸಣ್ಣ ಸಾಲ ಕೊಟ್ಟು ವ್ಯಾಪಾರ ಕಲಿಸುವ ಕೆಲಸ ನಮ್ಮ ಸಂಸ್ಥೆಗೆ ಹೊಸದು. ಸಿರಿಗೇರಿಯ ಗುಂಪೇ ಮೊದಲನೆಯದು. ಜನವರಿಯವರೆಗೆ ಅದು ಸರಿಯಾಗಿ ನಡೆದರೆ ಅವರಿಗೆ ಎರಡನೆಯ ಸಾಲ, ನನಗೆ ಕಾಯಂ ನೌಕರಿ. ನಡೆಯದಿದ್ದರೆ ಎರಡೂ ಇಲ್ಲ. "ಆ ಗುಂಪು ನಿಂತ್ರ ನೀವೂ ನಿಂತ್ರಿ, ವೀರಭದ್ರಮ್ಮ," ಎಂದರು. ನಿಲ್ಲದಿದ್ದರೆ ನಾನು ಕುರುಗೋಡಿಗೆ, ಅಣ್ಣನ ಮನೆಗೆ ಹೋಗಬೇಕು. ಗಂಡ ಬಿಟ್ಟ ತಂಗಿಗೆ ಅಲ್ಲಿ ಅಡುಗೆಮನೆಯ ಮೂಲೆಯಲ್ಲಿ ಒಂದು ಚಾಪೆ ಕಾದಿದೆ. ಒಲೆಯೂ ಕಾದಿದೆ.

ಕಂತು ವಸೂಲಿಗೆ ಯಾವ ವಾರ ಎಂದು ಕೇಳಿದರು. ಶುಕ್ರವಾರ ಎಂದೆ. ಕನ್ನಡಕ ತೆಗೆದು ನನ್ನನ್ನು ನೋಡಿದರು. ಶುಕ್ರವಾರ ಮನೆಯಿಂದ ದುಡ್ಡು ಹೊರಗೆ ಕೊಟ್ಟರೆ ಅದರ ಜೊತೆ ಲಕ್ಷ್ಮಿಯೂ ಹೊರಟುಹೋಗುತ್ತಾಳೆಂದು ಯಾರೂ ಕೊಡುವುದಿಲ್ಲ ಎನ್ನುವುದು ನನಗೆ ಗೊತ್ತಿಲ್ಲವೇ? ಗೊತ್ತಿದ್ದೇ ಹೇಳಿದೆ. ವ್ಯಾಪಾರ ಕಲಿಯುವವರು ವಾರ ನೋಡುತ್ತ ಕೂತರೆ ಆಗುವುದಿಲ್ಲ. ನಾನೂ ಐದು ವರ್ಷ ಸಂಸಾರ ಮಾಡಿದವಳು. ಒಂದು ಶುಕ್ರವಾರವಾದರೂ ಪಕ್ಕದ ಮನೆಯವರಿಗೆ ಚಿಟಿಕೆ ಉಪ್ಪು ಕೊಟ್ಟವಳಲ್ಲ. ಲಕ್ಷ್ಮಿ ಹೋಗದಂತೆ ನಾನು ಬಾಗಿಲು ಕಾಯುತ್ತಿದ್ದೆ, ಗಂಡ ಹೋದ. ಹೋಗಿದ್ದು ಬುಧವಾರ.

೨೩ ನವೆಂಬರ್, ಬುಧವಾರ

ಸಿರಿಗೇರಿಯಲ್ಲಿ ತರಬೇತಿಯ ಮೊದಲ ದಿನ. ಕೇರಿಯಲ್ಲಿ ಯಂಕಮ್ಮನ ಅಂಗಳದಲ್ಲಿ ಎಲ್ಲರೂ ಸೇರಿದ್ದರು. ಮಂಡಕ್ಕಿ, ಇವರ ಬಾಯಲ್ಲಿ ಮಂಡಾಳು, ಹುರಿಯುವ ಭಟ್ಟಿ ಇರುವುದು ಅಲ್ಲೇ, ಅವಳ ಅತ್ತೆಯ ಕಾಲದ್ದಂತೆ. ಮೊದಲು ಸಾಹುಕಾರರ ಭತ್ತವನ್ನು ಕೂಲಿಗೆ ಹುರಿದು ಕೊಡುತ್ತಿದ್ದರು. ಈಗ ನಮ್ಮ ಸಾಲದಲ್ಲಿ ಭತ್ತ ಕೊಂಡು ತಮ್ಮದೇ ಮಂಡಕ್ಕಿ ಮಾರುತ್ತಾರೆ. ಯಂಕಮ್ಮನಿಗೆ ಐವತ್ತಿರಬಹುದು, ಮಾತು ಕಡಿಮೆ. ಅವಳ ಪಾಲಿನದನ್ನೂ ಸೇರಿಸಿ ಆಡುವವಳು ಉಚ್ಚೆಂಗೆಮ್ಮ, ಕಂಕುಳಲ್ಲಿ ಕೂಸು, ಬಾಯಲ್ಲಿ ಎಲೆ ಅಡಿಕೆ.

ಬೆಂಗಳೂರಿನಿಂದ ಬಂದ ಪುಸ್ತಕ ತೆರೆದು, ರಾಮಯ್ಯ ಎಂಬವನು ಸಾಬೂನು ಮಾರಿ ಮುಂದೆ ಬಂದ ಪಾಠ ಓದಿದೆ. ಬಂಡವಾಳ, ಖರ್ಚು, ಲಾಭ ಎಲ್ಲ ವಿವರಿಸಿ, ಏನಾದರೂ ಕೇಳುವುದಿದೆಯೇ ಎಂದೆ. ಹಿಂಗೆ ಊರೂರು ತಿರುಗುವ ರಾಮಯ್ಯನಿಗೆ ರೊಟ್ಟಿ ಬಡಿದು ಕಟ್ಟಿಕೊಡುವವಳು ಯಾರು, ಅವಳ ಹೆಸರು ಪುಸ್ತಕದಲ್ಲಿ ಯಾಕಿಲ್ಲ ಎಂದು ಉಚ್ಚೆಂಗೆಮ್ಮ ಕೇಳಿದಳು. ಎಲ್ಲರೂ ನಕ್ಕರು. ನನಗೆ ಸಿಟ್ಟು ಬಂತು. ಬಸ್ಸಿನಲ್ಲಿ ಬರುವಾಗ ಹುಡುಕಿ ನೋಡಿದೆ, ನಿಜಕ್ಕೂ ಇಲ್ಲ.

ಚಹಾ ತಂದರು. ಈಗಷ್ಟೇ ಬಸ್ ಸ್ಟ್ಯಾಂಡಿನಲ್ಲಿ ಕುಡಿದು ಬಂದೆ ಎಂದೆ. ಕುಡಿದಿರಲಿಲ್ಲ. ಅವರೂ ಒತ್ತಾಯ ಮಾಡಲಿಲ್ಲ. ನಾನೇನು ಮಡಿ ಮೈಲಿಗೆ ನೋಡುವವಳಲ್ಲ. ಕುರುಗೋಡಿನವರು ಯಾರಾದರೂ ಕಂಡರೆ ಅಣ್ಣನಿಗೆ ಸುದ್ದಿ ಮುಟ್ಟುತ್ತದೆ, ಅಷ್ಟೇ.

೨ ಡಿಸೆಂಬರ್, ಶುಕ್ರವಾರ

ಮೊದಲ ಕಂತು. ಒಬ್ಬಳೂ ಕೊಡಲಿಲ್ಲ.

ಕೊಡಲಿಲ್ಲವೆಂದರೆ ಬಾಗಿಲು ಹಾಕಿಕೊಂಡರೆಂದಲ್ಲ. ತಲೆಗೆ ಎರೆದುಕೊಂಡು, ಅಂಗಳ ಸಾರಿಸಿ, ನನಗೆ ಕಂಬಳಿ ಹಾಸಿ ಕೂರಿಸಿದರು. ಕಾಲುವೆ ನೀರಿನ ಸುದ್ದಿ ಆಯಿತು, ಉಚ್ಚೆಂಗೆಮ್ಮನ ಕೂಸಿಗೆ ಹಲ್ಲು ಬಂದ ಸುದ್ದಿ ಆಯಿತು. ನಾನು ಹೆಸರು ಹಿಡಿದು ಕರೆದರೆ ಕರೆಸಿಕೊಂಡವಳು ಸುಮ್ಮನೆ ನಗುತ್ತಾಳೆ. ಕೊನೆಗೆ ಯಂಕಮ್ಮ ಬಾಯಿ ಬಿಟ್ಟಳು. "ರೊಕ್ಕ ಐತ್ರಿ ಅಕ್ಕಾರೆ. ನಿನ್ನೇನ ಎಲ್ಲಾರೂ ತಂದು ನನ್ ಮನ್ಯಾಗ ಇಟ್ಟಾರ. ಇವತ್ತು ಕೊಡಾಕ ಬರಂಗಿಲ್ಲ."

ಸಾಲ ಮುಳುಗಿಸುವವರು ಎಲ್ಲ ಕಡೆಯೂ ಹೇಳುವ ಮಾತೇ ಇದು, ಇದೆ ಆದರೆ ಇವತ್ತಲ್ಲ. ನಾನು ಎದ್ದು ನಿಂತು ಭಾಷಣ ಮಾಡಿದೆ. ಶುಕ್ರವಾರ ಬ್ಯಾಂಕು ಬಾಗಿಲು ಹಾಕುತ್ತದೆಯೇ, ಬಸ್ಸಿನವನು ಟಿಕೆಟ್ ಬಿಡುತ್ತಾನೆಯೇ ಎಂದು ಕೇಳಿದೆ. ಇಲ್ರಿ, ಇಲ್ರಿ ಎಂದು ಎಲ್ಲದಕ್ಕೂ ಒಪ್ಪಿದರು. ಆಮೇಲೆ ನನ್ನ ಬಸ್ಸಿನ ಹೊತ್ತಾಯಿತೆಂದು ಅವರೇ ನೆನಪಿಸಿದರು. ಸೀಟಿದ್ದರೂ ಕೂರಲು ಮನಸ್ಸಾಗದೆ ಸಿರುಗುಪ್ಪದವರೆಗೆ ನಿಂತೇ ಬಂದೆ.

೫ ಡಿಸೆಂಬರ್, ಸೋಮವಾರ

ವಾರ ಬದಲಿಸಿದರೆ ಮುಗಿಯಿತಲ್ಲ ಎಂದು ತಿಪ್ಪೇರುದ್ರಪ್ಪನವರು ಹೇಳಿದರು. ಸಾಧ್ಯವಿಲ್ಲ ಎಂದೆ. ಇವತ್ತು ಶುಕ್ರವಾರ ಬೇಡ ಎಂದವರು ನಾಳೆ ಅಮಾವಾಸ್ಯೆ ಬೇಡ ಎನ್ನುತ್ತಾರೆ, ನಾಡಿದ್ದು ಬೆಕ್ಕು ಅಡ್ಡ ಬಂತು ಎನ್ನುತ್ತಾರೆ. ಅವರು ವಾದ ಮಾಡಲಿಲ್ಲ. ನಿಮ್ಮ ಗುಂಪು, ನಿಮ್ಮ ನೌಕರಿ ಎಂದು ಫೈಲು ಮುಚ್ಚಿದರು.

ಅಣ್ಣನ ಕಾಗದ ಬಂದಿದೆ. ಅತ್ತಿಗೆಗೆ ದಿನ ತುಂಬುತ್ತ ಬಂದಿದೆಯಂತೆ, ಮನೆಯಲ್ಲಿ ಕೈಯಾಳು ಇಲ್ಲವಂತೆ, ಆ ಕೆಲಸ ಹೇಗೂ ಜನವರಿಗೆ ಮುಗಿಯುತ್ತದಲ್ಲ ಎಂದು ಬರೆದಿದ್ದಾನೆ. ಇವನಿಗೆ ಯಾರು ಹೇಳಿದರೋ. ಉತ್ತರ ಬರೆಯಲು ಕೂತೆ, ಎದ್ದೆ, ಮತ್ತೆ ಕೂತೆ. ಬರೆಯಲಿಲ್ಲ.

೯ ಡಿಸೆಂಬರ್, ಶುಕ್ರವಾರ

ಮತ್ತೆ ಅದೇ ಕಂಬಳಿ, ಅದೇ ನಗು. ಗುರುವಾರ ಬಂದು ತಗೊಂಡು ಹೋಗಿ, ಇಲ್ಲವೇ ಶನಿವಾರ ನಾವೇ ತಂದು ಕೊಡುತ್ತೇವೆ ಎಂದರು. ಕಂತು ಕಟ್ಟುವುದು ಗುಂಪಿನ ಎದುರಿಗೆ, ಗೊತ್ತು ಮಾಡಿದ ದಿನದಂದೇ, ಅದೇ ಶಿಸ್ತು ಎಂದೆ. ನನ್ನ ದನಿ ನನಗೇ ಅತ್ತಿಗೆಯ ದನಿಯಂತೆ ಕೇಳಿತು.

೧೦ ಡಿಸೆಂಬರ್, ಶನಿವಾರ

ಹಚ್ಚೊಳ್ಳಿಯಲ್ಲಿ ಹೊಸ ಗುಂಪಿನ ಸಭೆ ಮುಗಿಸಿ ಸಂಜೆ ಬಂದರೆ, ಕೂಸು ಎತ್ತಿಕೊಂಡ ಹೆಂಗಸೊಬ್ಬಳು ಮಧ್ಯಾಹ್ನದವರೆಗೆ ನನ್ನ ಬಾಗಿಲಲ್ಲಿ ಕೂತಿದ್ದು ಹೋದಳೆಂದು ಗಿರಣಿಯ ಕಾವಲುಗಾರ ಪಾಲಯ್ಯ ಹೇಳಿದ. ಉಚ್ಚೆಂಗೆಮ್ಮನೇ ಇರಬೇಕು. ಒಂದು ದಿನದ ಕೂಲಿ ಬಿಟ್ಟು, ಬಸ್ ಚಾರ್ಜು ಕೊಟ್ಟು ಬಂದಿದ್ದಾಳೆ. ಅಯ್ಯೋ ಅನ್ನಿಸಿತು. ಆಮೇಲೆ ಸಿಟ್ಟೂ ಬಂತು, ಹೇಳಿದ ಮಾತು ಕೇಳದೆ ಬಂದಳಲ್ಲ ಎಂದು.

೧೩ ಡಿಸೆಂಬರ್, ಮಂಗಳವಾರ

ಊಟ ಸೇರುತ್ತಿಲ್ಲ. ಗಿರಣಿ ನಿಂತರೂ ಕಿವಿಯಲ್ಲಿ ಅದರ ಸದ್ದು ನಿಲ್ಲುವುದಿಲ್ಲ. ರೂಮಿನಲ್ಲಿ ಗೋಡೆಯಿಂದ ಗೋಡೆಗೆ ತಿರುಗುತ್ತೇನೆ. ಪಾತ್ರೆ ಇಡಲು ಒಂದು ಹಲಗೆ ಹೊಡೆಸಬೇಕೆಂದಿದ್ದೆ. ಯಾಕೆ ಸುಮ್ಮನೆ ಎಂದು ಬಿಟ್ಟೆ.

೧೬ ಡಿಸೆಂಬರ್, ಶುಕ್ರವಾರ

ವಸೂಲಾಯಿತು. ಮೂರು ವಾರದ್ದೂ ಪೂರ್ತಿ.

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಯಂಕಮ್ಮ ಎಂದಿನಂತೆ ರೊಕ್ಕ ಐತ್ರಿ ಎಂದಳು. ಎಲ್ಲಿದೆ ತೋರಿಸು ಎಂದೆ. ಬಾಗಿಲಿನಿಂದಲೇ ಕೈ ಮಾಡಿ ತೋರಿಸಿದಳು. ಒಳಗೆ ಗೋಡೆಯ ಗೂಡಿನಲ್ಲಿ ಹುಲಿಗೆಮ್ಮನ ಪಟ, ಅದರ ಮುಂದೆ ದೀಪ, ದೀಪದ ಪಕ್ಕ ಅರಿಸಿನ ಹಚ್ಚಿದ ಸಣ್ಣ ಗಡಿಗೆ. ಅಷ್ಟು ಹತ್ತಿರ ಇತ್ತು. ನನ್ನ ನೌಕರಿ, ನನ್ನ ಬೀಗದ ಕೈ, ಎಲ್ಲ ಆ ಗಡಿಗೆಯಲ್ಲಿ ಕೂತಿದೆ ಅನ್ನಿಸಿತು. ನೀವು ಕೊಡಬೇಡಿ, ನಾನೇ ತೆಗೆದುಕೊಳ್ಳುತ್ತೇನೆ, ಆಗ ಪಾಪ ನನ್ನದು ಎಂದೆ. ಒಳಗೆ ಹೋಗಿ ಗಡಿಗೆಯಿಂದ ಬಳಿದುಕೊಂಡು ಬಂದೆ. ಯಾರೂ ತಡೆಯಲಿಲ್ಲ. ಉಚ್ಚೆಂಗೆಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

"ತಗಂಡ್ರ್ಯಾ ಅಕ್ಕಾರೆ," ಎಂದಳು ಯಂಕಮ್ಮ. ಅಷ್ಟೇ.

ರಸೀದಿ ಬರೆದು ಕೊಟ್ಟೆ. ಒಂದು ಹೆಸರು ತಪ್ಪಾಗಿ ಬರೆದು ಹೊಡೆದುಹಾಕಿದೆ, ಖುಷಿಗೇ ಇರಬೇಕು. ಬಸ್ಸು ಹತ್ತಿದ ಮೇಲೆ ನೋಡಿಕೊಂಡರೆ, ಒಳಗೆ ಹೋಗುವಾಗ ಚಪ್ಪಲಿ ಬಿಟ್ಟ ನೆನಪಿಲ್ಲ.

೧೭ ಡಿಸೆಂಬರ್, ಶನಿವಾರ

ಬಳ್ಳಾರಿಗೆ ಹೋಗಿ ಕಟ್ಟಿ ಬಂದೆ. ಭಲೇ ಎಂದರು ತಿಪ್ಪೇರುದ್ರಪ್ಪನವರು. ಬ್ರೂಸ್‌ಪೇಟೆಯಲ್ಲಿ ಒಂದು ಸ್ಟೀಲಿನ ಡಬ್ಬಿ ಕೊಂಡೆ. ಅಣ್ಣನಿಗೆ ಬರಲಾಗುವುದಿಲ್ಲವೆಂದು ಕಾಗದ ಹಾಕಿದೆ. ಎಲ್ಲ ಸರಿಹೋಯಿತು. ಆದರೂ ಮನಸ್ಸು ನಿಂತಲ್ಲಿ ನಿಲ್ಲುತ್ತಿಲ್ಲ.

೨೩ ಡಿಸೆಂಬರ್, ಶುಕ್ರವಾರ

ಭಟ್ಟಿ ತಣ್ಣಗಿದೆ. ಅಂಗಳದಲ್ಲಿ ಯಾರೂ ಇಲ್ಲ.

ಯಂಕಮ್ಮ ಒಬ್ಬಳೇ ಎಮ್ಮೆಯ ಹತ್ತಿರ ಕೂತಿದ್ದಳು. ಸೋಮವಾರ ಅದರ ಕರು ಸತ್ತಿತಂತೆ. ಎಮ್ಮೆ ಯಾರನ್ನೂ ಕೆಚ್ಚಲಿಗೆ ಕೈ ಹಾಕಲು ಬಿಡುವುದಿಲ್ಲವಂತೆ. ಉಳಿದವರೆಲ್ಲ ಎಲ್ಲಿ ಎಂದೆ. ಭತ್ತದ ಕೊಯ್ಲಿಗೆ ಕೂಲಿ ಹೋಗಿದ್ದಾರೆ ಎಂದಳು. ಮಂಡಕ್ಕಿ ಎಂದೆ. ಮಾಡೋಣಂತೆ ಬಿಡ್ರಿ ಎಂದಳು. ಬೈಯಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ. ಕಂಬಳಿ ತರಲು ಎದ್ದಳು, ಬೇಡವೆಂದು ನಾನೇ ನೆಲಕ್ಕೆ ಕೂತೆ. ಬೈದಿದ್ದರೆ ನಾನೂ ಎರಡು ಮಾತು ಆಡಿ ಹಗುರವಾಗುತ್ತಿದ್ದೆ.

ಚಹಾ ಮಾಡಿದಳು. ಹಾಲಿಲ್ಲದ್ದು. ಬೆಲ್ಲ ಹೆಚ್ಚಾಗಿತ್ತು.

೨ ಜನವರಿ ೧೯೮೪, ಸೋಮವಾರ

ಉಚ್ಚೆಂಗೆಮ್ಮ ಶನಿವಾರ ಬಂದು ಕಂತು ಕಟ್ಟಿ ಹೋಗಿದ್ದಳು. ಕೂಲಿ ದುಡ್ಡಿನಲ್ಲಿ ಕಟ್ಟುತ್ತಾರೆ, ಭಟ್ಟಿ ಮಾತ್ರ ಹಚ್ಚುವುದಿಲ್ಲ. ಶುಕ್ರವಾರ ಯಾಕೆ ಕಟ್ಟಲಿಲ್ಲವೆಂದು ನಾನೂ ಕೇಳಲಿಲ್ಲ. ಇವತ್ತು ನಾನೇ ಸಿರಿಗೇರಿಗೆ ಹೋಗಿ ಅವಳನ್ನು ಕಾಲುವೆಯ ದಂಡೆಯಲ್ಲಿ ಹಿಡಿದೆ. ಬಟ್ಟೆ ಒಗೆಯುತ್ತಿದ್ದವಳು ಕೈ ನಿಲ್ಲಿಸದೆ ಎಲ್ಲ ಹೇಳಿದಳು.

ಯಂಕಮ್ಮನ ಮನೆಯ ಲಕ್ಷ್ಮಿ ಹೋದಳೆಂದು ಕೇರಿಯೆಲ್ಲ ಮಾತಂತೆ. ಕರು ಸತ್ತದ್ದು ಅದಕ್ಕೇ ಅಂತೆ. ಆ ಮನೆಯ ಭಟ್ಟಿಯಲ್ಲಿ ಹುರಿದರೆ ತಮ್ಮ ಮನೆಗೂ ತಟ್ಟುತ್ತದೆಂದು ಯಾರೂ ಹೋಗುತ್ತಿಲ್ಲ. ಯಂಕಮ್ಮನ ಸೊಸೆ ಕೂಡ ಕೂಸನ್ನು ಕರೆದುಕೊಂಡು ತವರಿಗೆ ಹೋಗಿದ್ದಾಳೆ. ಕರುಗಳು ವಾರ ನೋಡಿ ಸಾಯುತ್ತವೆಯೇ ಎಂದೆ. ಅವಳು ಬಟ್ಟೆ ಹಿಂಡಿ ನನ್ನ ಕಡೆ ತಿರುಗಿದಳು.

"ಕರ ಸಾಯ್ತಾವ್ರಿ, ಅದು ನಮಗೂ ಗೊತ್ತೈತಿ. ಆದ್ರ ಯಂಕಮ್ಮತ್ತಿ ಆವತ್ತಿಂದ ಒಲಿ ಮುಂದ ಕುಂತು ಉಣ್ಣಂಗಿಲ್ಲ. ನನ್ ಮನಿ ಬರಿದಾತು ಅಂತಾಳ. ಯಾವ ಕೈಲೆ ಹೋತೋ ಅದೇ ಕೈಲೆ ಬರಬೇಕ್ರಿ. ಅದೂ ಶುಕ್ರಾರನ."

ಶುಕ್ರವಾರ ಹೊರಗೆ ಕೊಡಬಾರದು. ಆದರೆ ಶುಕ್ರವಾರ ಒಳಗೆ ಬಂದ ರೊಕ್ಕದಷ್ಟು ಒಳ್ಳೆಯದು ಬೇರೆಯಿಲ್ಲ. ಇದೂ ನನಗೆ ಗೊತ್ತಿದ್ದದ್ದೇ. ಗೊತ್ತಿದ್ದದ್ದರಲ್ಲಿ ಅರ್ಧವನ್ನು ಮಾತ್ರ ಹಿಡಿದುಕೊಂಡು ಹಟ ಮಾಡಿದೆ. ನಾಚಿಕೆಯಾಯಿತು. ಒಂದು ಮನೆಯ ಗೂಡಿಗೆ ಕೈ ಹಾಕಿದೆನಲ್ಲ, ನನ್ನ ಡಬ್ಬಿಗೆ ಯಾರಾದರೂ ಕೈ ಹಾಕಿದರೆ ಬಿಡುತ್ತೇನೆಯೇ?

ಕುರುಗೋಡು, ೧೫ ಜನವರಿ, ಭಾನುವಾರ

ಸಂಕ್ರಾಂತಿಗೆ ಬಾ ಎಂದು ಅಣ್ಣ ಹಟ ಹಿಡಿದಿದ್ದ, ಬಂದೆ. ಬಂದ ಗಳಿಗೆಯಿಂದ ರೊಟ್ಟಿ ಬಡಿಯುತ್ತಿದ್ದೇನೆ. ಅತ್ತಿಗೆ ಶಿವಬಸಮ್ಮ ಕೆಟ್ಟವಳಲ್ಲ, ಬಸುರಿ ಹೆಂಗಸು, ಕಾಲು ಬಾತಿದೆ. ಆದರೆ ಚಾಪೆಯನ್ನು ಆಗಲೇ ಮೂಲೆಯಲ್ಲಿ ಬಿಚ್ಚಿಟ್ಟಿದ್ದಾಳೆ. ನನ್ನ ಸೀರೆಗಳಿಗೆ ಒಂದು ಗಳ ಕಟ್ಟಿಸಿದ್ದಾಳೆ.

ನಾಳೆ ಬೆಳಿಗ್ಗೆಯೇ ಮನೆಗೆ ಹೋಗಬೇಕು ಎಂದೆ. ಯಾವ ಮನೆಗೆ ಎಂದು ಅತ್ತಿಗೆ ನಕ್ಕಳು. ರೂಮಿಗೆ ಎಂದಲ್ಲವೇ ನಾನು ಹೇಳಿದ್ದು? ಅಣ್ಣ ಮಾತ್ರ ತಟ್ಟೆಯಿಂದ ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದ.

ಸಿರುಗುಪ್ಪ, ೧೯ ಜನವರಿ, ಗುರುವಾರ

ತಿಪ್ಪೇರುದ್ರಪ್ಪನವರಿಗೆ ಎಲ್ಲ ಹೇಳಿಬಿಟ್ಟೆ, ಗಡಿಗೆಯ ಸಂಗತಿಯನ್ನೂ. ಕಂತು ಸರಿಯಾಗಿದೆ, ಆದರೆ ವ್ಯಾಪಾರವೇ ನಿಂತ ಗುಂಪಿಗೆ ಇನ್ನೊಂದು ಸಾಲ ಕೊಟ್ಟರೆ ಸಮಿತಿಯವರಿಗೆ ಏನು ಹೇಳಲಿ ಎಂದರು. ಸಾಲ ಬಂದರೇ ಭಟ್ಟಿ ಹೊತ್ತುವುದು, ಅದೂ ಶುಕ್ರವಾರ ನನ್ನ ಕೈಯಿಂದಲೇ ಹೋಗಬೇಕು ಎಂದೆ. ಹಿಂದೆ ಶುಕ್ರವಾರಕ್ಕಾಗಿ ಹೇಗೆ ಜಗಳ ಮಾಡಿದ್ದೆನೋ ಇವತ್ತೂ ಹಾಗೆಯೇ ಮಾಡಿದೆ. ಅವರಿಗೆ ನಗು ಬಂತು.

"ಎರಡನೇ ತಾರೀಖು ರೊಕ್ಕ ಕೊಡ್ತೀನಿ. ಶನಿವಾರ ಮುಂಜಾನೆ ನಾನೇ ಸಿರಿಗೇರಿಗೆ ಬರ್ತೀನಿ. ಭಟ್ಟಿ ಉರೀತಿತ್ತು ಅಂದ್ರ ನಿಮ್ಮ ಆರ್ಡರು ನನ್ನ ಕಿಸೇದಾಗ ಇರ್ತೈತಿ. ಇಲ್ಲಾಂದ್ರ ರೊಕ್ಕ ವಾಪಸ್ ತರ್ತೀನಿ, ನೀವೂ ಬೀಗ ಕೊಟ್ಟು ಊರಿಗೆ ಹೋಗ್ರಿ."

ವಸೂಲಿಯ ವಾರವನ್ನು ಗುರುವಾರ ಎಂದು ಬರೆಸಿ ಬಂದೆ.

೨ ಫೆಬ್ರವರಿ, ಗುರುವಾರ

ದುಡ್ಡು ತಂದೆ. ಬಳ್ಳಾರಿಯಿಂದ ಬರುವಾಗ ಬ್ಯಾಗನ್ನು ಹೊಟ್ಟೆಗೆ ಅವುಚಿಕೊಂಡು ಕೂತಿದ್ದೆ. ಈಗ ಹಲಗೆಯ ಮೇಲೆ, ಸ್ಟೀಲಿನ ಡಬ್ಬಿಯಲ್ಲಿದೆ. ಹಲಗೆ ಹೊಡೆಸಿ ಒಂದು ವಾರವಾಯಿತು, ಬರೆಯುವುದು ಮರೆತಿದ್ದೆ. ಬಾಗಿಲಿಗೆ ಚಿಲಕ ಹಾಕಿದ್ದೇನೆಯೇ ಎಂದು ಮತ್ತೆ ಮತ್ತೆ ಎದ್ದು ನೋಡುತ್ತಿದ್ದೇನೆ.

೩ ಫೆಬ್ರವರಿ, ಶುಕ್ರವಾರ, ಬೆಳಿಗ್ಗೆ

ಬಸ್ಸು ತಪ್ಪಿತು. ತಪ್ಪಿಸಿಕೊಂಡೆ ಅನ್ನಬೇಕು.

ಸ್ನಾನ ಮಾಡಿ, ಹೊಸ್ತಿಲು ತೊಳೆದು, ಬ್ಯಾಗು ಹೆಗಲಿಗೆ ಹಾಕಿ ಬಾಗಿಲಿಗೆ ಬಂದೆ. ಕಾಲು ಮುಂದೆ ಹೋಗಲಿಲ್ಲ. ಇವತ್ತು ಶುಕ್ರವಾರ. ರಾತ್ರಿಯೆಲ್ಲ ಇಲ್ಲಿದ್ದ ದುಡ್ಡು. ಇದನ್ನು ಈ ಬಾಗಿಲಿನಿಂದ ಹೊರಗೆ ಒಯ್ಯುವವಳು ನಾನು. ನನ್ನದಲ್ಲ, ಸಂಸ್ಥೆಯದು ಎಂದು ಹೇಳಿಕೊಂಡೆ. ಹೊಸ್ತಿಲಿಗೆ ಅದೆಲ್ಲ ಎಲ್ಲಿ ತಿಳಿಯುತ್ತದೆ? ಒಳಗೆ ಬಂದು ಮಂಚದ ಮೇಲೆ ಕೂತೆ. ಐವತ್ತು ವರ್ಷದ ಹೆಂಗಸಿಗೆ ಭಾಷಣ ಮಾಡಿದವಳು ನಾನೇನಾ ಎಂದು ನನ್ನನ್ನೇ ಬೈದುಕೊಂಡೆ. ಬೈದರೂ ಹೆದರಿಕೆ ಹೋಗಲಿಲ್ಲ. ಹಲಗೆ ನೋಡಿದೆ, ಡಬ್ಬಿ ನೋಡಿದೆ, ಕಿಟಕಿಗೆ ನಾನೇ ಹೊಲಿದ ಪರದೆ ನೋಡಿದೆ. ಇದೆಲ್ಲ ಹೋದರೆ ಹೇಗೆ?

ಮುಂದಿನ ಬಸ್ಸಿಗೆ ಇನ್ನೂ ಹೊತ್ತಿದೆ. ಯಂಕಮ್ಮ ಅಲ್ಲಿ ಕಾಯುತ್ತಿರುತ್ತಾಳೆ. ಹೋಗುತ್ತೇನೆ. ಹೋದದ್ದು ಹೋಗಲಿ.

ಸಿರಿಗೇರಿ, ಅದೇ ದಿನ, ಸಂಜೆ

ಬಂದು ಕೊಟ್ಟೆ. ಅಂಗಳದಲ್ಲಿ ಕೊಡಲು ಹೋದರೆ ಯಂಕಮ್ಮ ಕೈ ಚಾಚಲಿಲ್ಲ, ಒಳಗೆ ಬರ್ರಿ ಎಂದಳು. ಅವಳೇ ನನ್ನ ಕಾಲಿಗೆ ನೀರು ಹಾಕಿದಳು. ನಾನು ಗೂಡಿನ ಮುಂದೆ ಕೂತು ಗಡಿಗೆಯಲ್ಲಿ ನನ್ನ ಕೈಯಿಂದಲೇ ಇಟ್ಟೆ. ಹೊರಗೆ ಉಚ್ಚೆಂಗೆಮ್ಮ, ಅವಳ ಹಿಂದೆ ಎಲ್ಲರೂ ಬಂದು ನಿಂತಿದ್ದರು. ಸ್ವಲ್ಪ ಹೊತ್ತಿಗೆ ಅವರಲ್ಲೊಬ್ಬಳು ಭಟ್ಟಿಯ ಬೂದಿ ತೋಡತೊಡಗಿದಳು. ಇನ್ನೊಬ್ಬಳು ಹುರಿಯುವ ಉಸುಕನ್ನು ಜರಡಿ ಹಿಡಿದಳು. ನನಗೆ ಅಳು ಬಂತು, ಹೊಗೆಗೆ ಎನ್ನೋಣವೆಂದರೆ ಬೆಂಕಿ ಇನ್ನೂ ಹಚ್ಚಿರಲಿಲ್ಲ. ನಾಳೆ ಕೋಳಿ ಕೂಗುವ ಹೊತ್ತಿಗೆ ಹಚ್ಚುತ್ತಾರಂತೆ, ತಿಪ್ಪೇರುದ್ರಪ್ಪನವರು ಬರುವಷ್ಟರಲ್ಲಿ ಮೊದಲ ಬಾಣಲೆ ಇಳಿದಿರುತ್ತದಂತೆ.

ಊಟವಾದ ಮೇಲೆ ಕೊನೆಯ ಬಸ್ಸಿಗೆ ಹೊರಟೆ. ಯಂಕಮ್ಮ ಬಾಗಿಲಿಗೆ ಅಡ್ಡ ಬಂದಳು. ರಾತ್ರಿ ಈ ರೊಕ್ಕ ಎಲ್ಲಿತ್ತು ಎಂದು ಕೇಳಿದಳು. ನನ್ನ ರೂಮಿನಲ್ಲಿ ಎಂದೆ. ಅವಳ ಮುಖ ಬಾಡಿತು. ಅಯ್ಯೋ, ಮೊದಲೇ ಹೇಳಬಾರದಿತ್ತೇನ್ರಿ ಎಂದಳು. ಆಮೇಲೆ ನನ್ನ ಬ್ಯಾಗನ್ನು ಹೆಗಲಿನಿಂದ ಇಳಿಸಿ ಗೋಡೆಯ ಗೂಟಕ್ಕೆ ಹಾಕಿದಳು.

"ಇವತ್ತು ಬರಿಗೈಲೆ ನಿಮ್ಮ ಮನಿ ಹೊಗಬ್ಯಾಡ್ರಿ. ಇಲ್ಲೇ ಮಲಗ್ರಿ. ನಾಳಿ ಶನಿವಾರ ಐತಿ, ಮೊದಲನೇ ಮಂಡಾಳಿನ ರೊಕ್ಕ ನಾನೇ ನಿಮ್ಮ ಕೈಯಾಗ ಇಡ್ತೀನಿ. ಅದನ್ನ ತಗಂಡು ಹೋಗಿ ದೀಪದ ಮುಂದ ಇಡ್ರಿ. ಮನಿ ಬರಿದಾಗಬಾರ್ದು."

ನನ್ನ ಹತ್ತಿರ ದೀಪವೇ ಇಲ್ಲ. ನಾಳೆ ಪೇಟೆಯಲ್ಲಿ ಒಂದು ಕೊಳ್ಳಬೇಕು. ಅಂಗಳದಲ್ಲಿ ಉಚ್ಚೆಂಗೆಮ್ಮನ ಕೂಸು ಅಳುತ್ತಿದೆ, ಯಂಕಮ್ಮ ನನಗೆ ಕೌದಿ ಕೊಡವುತ್ತಿದ್ದಾಳೆ. ನಾನು ಎಷ್ಟೋ ಮನೆಗಳಲ್ಲಿ ಇದ್ದು ಬಂದವಳು. ನನಗೂ ಒಂದು ಮನೆಯಿದೆ, ಅದು ಬರಿದಾಗಬಾರದು ಎಂದು ಇವತ್ತಿನವರೆಗೆ ಯಾರೂ ಹೆದರಿರಲಿಲ್ಲ.